ವೀರರ ಪಂಕ್ತಿಯಲ್ಲಿ ಬಲದ ಲೆಕ್ಕ

ಮೊನ್ನೆ ಭಾನುವಾರ ಮೊಮ್ಮಗನ ಪಕ್ಕದಲ್ಲಿ ಕುಳಿತು, 2019ರಲ್ಲಿ ತೆರೆಕಂಡ ‘ಅವೆಂಜರ್ಸ್: ಎಂಡ್‌ಗೇಮ್’ ಚಿತ್ರವನ್ನು ನೋಡಿದೆ. ಕೊನೆಯ ಕಾಳಗದ ನಡುವೆ ಹುಡುಗ ಸಿಡಿಮಿಡಿಗೊಂಡ. “ತಾತ, ಇದು ಮೋಸ. ಹಿಂದಿನ ಸಿನಿಮಾದಲ್ಲಿ ಥಾನೋಸನ ಕೈಯಲ್ಲಿ ಆರು ಮಣಿಗಳೂ ಇದ್ದವು. ಆದರೂ ಥಾರ್ ಒಬ್ಬನೇ ಅವನ ಎದೆಗೆ ಕೊಡಲಿ ನೆಟ್ಟ. ಈಗ ಒಂದು ಮಣಿಯೂ ಇಲ್ಲ; ಮೂವರು ಸೇರಿ ಹೊಡೆದರೂ ಬೀಳುತ್ತಿಲ್ಲವಲ್ಲ!”

ಥಾರ್ ದುಃಖದಿಂದ ಕುಡಿದು ಮೈಬೆಳೆಸಿಕೊಂಡಿದ್ದಾನೆ, ಪಾಪ, ಎಂದು ನಾನು ವಕಾಲತ್ತು ಹಿಡಿದೆ. ಸ್ವಲ್ಪ ಹೊತ್ತಿಗೆ ವಾಂಡಾ ಎಂಬಾಕೆ ಒಬ್ಬಳೇ ಅದೇ ಥಾನೋಸನನ್ನು ಮೇಲೆತ್ತಿ ಹಿಂಡತೊಡಗಿದಳು. ನನ್ನ ವಾದ ಅಲ್ಲಿಗೆ ಬಿದ್ದುಹೋಯಿತು.

ಹುಡುಗನ ತಕರಾರಿಗೆ ದೊಡ್ಡ ಪೂರ್ವಕಥೆಯೇ ಇದೆ. 1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬಿಬ್ಬರು ತರುಣರ ಸೂಪರ್‌ಮ್ಯಾನ್ ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯಲ್ಲಿ ಅವತರಿಸಿದಾಗ ಅವನ ಬಲಕ್ಕೆ ಅಳತೆಯಿತ್ತು. ಒಂದು ಫರ್ಲಾಂಗು ನೆಗೆಯಬಲ್ಲ. 20 ಅಂತಸ್ತಿನ ಕಟ್ಟಡವನ್ನು ದಾಟಬಲ್ಲ. ಎಕ್ಸ್‌ಪ್ರೆಸ್ ರೈಲನ್ನು ಹಿಂದೆ ಹಾಕಬಲ್ಲ. ಅಷ್ಟೆ. ಹಾರಾಟ ಆಮೇಲೆ ಬಂದುದು. ಮತ್ತೆ ಮತ್ತೆ ಹೊಸ ಸಾಹಸ ಬೇಕಾದಾಗ ಬಲವೂ ಬಡ್ಡಿಯ ಹಾಗೆ ಬೆಳೆಯಿತು. ಎಷ್ಟೆಂದರೆ, ಅವನನ್ನು ಸೊರಗಿಸಬಲ್ಲ ಕ್ರಿಪ್ಟೊನೈಟ್ ಎಂಬ ವಸ್ತು 1943ರಲ್ಲಿ ರೇಡಿಯೋ ಕಥೆಯೊಳಗೆ ಬರಬೇಕಾಯಿತು.

ವೀರನು ಒಂಟಿಯಾಗಿರುವವರೆಗೆ ಇದರಿಂದ ತೊಂದರೆಯಿಲ್ಲ. ಪಂಕ್ತಿಯಲ್ಲಿ ಕೂರಿಸಿದಾಗಲೇ ಪೇಚು. 1940ರ ಚಳಿಗಾಲದ ‘ಆಲ್ ಸ್ಟಾರ್ ಕಾಮಿಕ್ಸ್’ ಮೂರನೆಯ ಸಂಚಿಕೆಯಲ್ಲಿ ‘ಜಸ್ಟಿಸ್ ಸೊಸೈಟಿ’ ಎಂಬ ವೀರಮಂಡಲಿ ಸೇರಿತು. ಅಲ್ಲಿ ದೈವಸಮಾನ ಶಕ್ತಿಯ ಸ್ಪೆಕ್ಟರ್ ಎಂಬ ಪ್ರೇತ ಒಂದು ಕಡೆ. ಪಳಗಿದ ಮುಷ್ಟಿಯ ಹೊರತು ಬೇರೇನೂ ಇಲ್ಲದ ಆಟಮ್ ಎಂಬ ಕುಳ್ಳ ಇನ್ನೊಂದು ಕಡೆ. ಆದರೂ ಲೆಕ್ಕ ತಪ್ಪಲಿಲ್ಲ. ಮೇಜಿನ ಸುತ್ತ ಕುಳಿತವರು ಸರದಿಯಂತೆ ತಮ್ಮ ತಮ್ಮ ಕಥೆ ಹೇಳಿದರು; ಮುಂದೆ ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ ಹಂಚಿದ್ದೂ ಉಂಟು. ಸ್ವಂತ ಪತ್ರಿಕೆಯಿದ್ದ ಸೂಪರ್‌ಮ್ಯಾನ್‌ಗೆ ಗೌರವ ಸದಸ್ಯತ್ವ ಕೊಟ್ಟು ಹೊರಗಿಟ್ಟರು. ವ್ಯಾಪಾರದ ಕಟ್ಟಳೆ ಕಥೆಯ ಮಾನ ಉಳಿಸಿತು!

1963ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ‘ಅವೆಂಜರ್ಸ್’ ತಂಡವನ್ನು ಕಟ್ಟಿದರು. ದೈತ್ಯ ಹಲ್ಕ್ ಎರಡನೆಯ ಸಂಚಿಕೆಯಲ್ಲೇ ಮುನಿದು ಹೊರಟ. 1965ರ ಹೊತ್ತಿಗೆ ಥಾರನೂ ಬದಿಗೆ ಸರಿದು, ಬಿಲ್ಲುಗಾರ ಹಾಕೈಯಂಥವರಿಗೆ ಜಾಗವಾಯಿತು.

ಸಿನಿಮಾಕ್ಕೆ ಈ ಅನುಕೂಲವಿಲ್ಲ. ಹೆಸರಾಂತ ನಟರನ್ನೆಲ್ಲ ಒಂದೇ ರಣರಂಗಕ್ಕೆ ತಂದು ಎಲ್ಲರಿಗೂ ಪಾಲು ಕೊಡಬೇಕು. 2012ರ ಮೊದಲ ‘ಅವೆಂಜರ್ಸ್’ ಚಿತ್ರದಲ್ಲಿ ಥಾರ್ ಸಿಡಿಲನ್ನು ಕರೆಯುತ್ತಿದ್ದರೆ, ಹಾಕೈಯ ಬತ್ತಳಿಕೆಯಲ್ಲಿ ಬಾಣಗಳೇ ಮುಗಿದವು. ಇಂಥವರಿಬ್ಬರನ್ನೂ ಒಂದೇ ಯುದ್ಧದಲ್ಲಿ ಉಪಯುಕ್ತರನ್ನಾಗಿ ಮಾಡಬೇಕಾದರೆ ಬಲವನ್ನು ಆಗಾಗ ಏರಿಸಿ ಇಳಿಸದೆ ಉಪಾಯವಿಲ್ಲ.

ವೀರನ ಬಲ ಕುಂದುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಕೃಷ್ಣನು ಹೋದ ಮೇಲೆ ಅರ್ಜುನನೂ ದಾರಿಗಳ್ಳರೆದುರು ಸೋತ. ಗಾಂಡೀವವನ್ನು ಹೆದೆಯೇರಿಸುವುದೇ ಕಷ್ಟವಾಯಿತು, ಅಸ್ತ್ರಗಳು ನೆನಪಿಗೆ ಬಾರದೆ ಹೋದವು. ಆದರೆ ಭಾರತದ ಕಥೆ ಆ ಸೋಲನ್ನು ಸುಮ್ಮನೆ ದಾಟಿಸುವುದಿಲ್ಲ. ಅರ್ಜುನ ವ್ಯಾಸರ ಆಶ್ರಮಕ್ಕೆ ಹೋಗಿ ಅಳಲು ತೋಡಿಕೊಳ್ಳುತ್ತಾನೆ; ಅಸ್ತ್ರಗಳ ಕೆಲಸ ಮುಗಿಯಿತೆಂದು ವ್ಯಾಸರು ತಿಳಿಸುತ್ತಾರೆ.

ನಮ್ಮ ಹುಡುಗ ಕೇಳುತ್ತಿದ್ದುದೂ ಅಷ್ಟನ್ನೇ. ಬರುವ ಭಾನುವಾರ 2018ರ ಚಿತ್ರವನ್ನು ಹಾಕಿ, ಆ ಕೊಡಲಿಯ ಏಟನ್ನು ನನಗೆ ನಿಧಾನವಾಗಿ ತೋರಿಸುತ್ತಾನಂತೆ.