ಗಣಿಯ ಪಾಳಿ, ಜಂಕ್ಷನ್ನಿನ ತಿಂಡಿ: ಕೆಜಿಎಫ್ ಮತ್ತು ಬಂಗಾರಪೇಟೆಯ ಹೋಟೆಲುಗಳ ಚರಿತ್ರೆ

ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಮತ್ತು ಬಂಗಾರಪೇಟೆಯ ಹೋಟೆಲುಗಳನ್ನೂ ದಿನಸಿ ಅಂಗಡಿಗಳನ್ನೂ ಬೆಳೆಸಿದ್ದು ರೈಲು ಮತ್ತು ಗಣಿಯ ಪಾಳಿ. ಎರಡರಲ್ಲಿ ರೈಲು ಮೊದಲು ಬಂತು. ಬೆಂಗಳೂರು ಕಂಟೋನ್ಮೆಂಟಿನಿಂದ ಜೋಲಾರ್‌ಪೇಟೆಯವರೆಗೆ 1864ರಲ್ಲಿ ಹಳಿ ಹಾಕಿದಾಗ ಈ ಸೀಮೆಯಲ್ಲಿ ಕಂಪನಿಗಳ ಗಣಿ ಒಂದೂ ಇರಲಿಲ್ಲ. ದಾರಿಯಲ್ಲಿ ಎದ್ದ ನಿಲ್ದಾಣದ ಊರಿಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿಟ್ಟು ಬೌರಿಂಗ್‌ಪೇಟೆ ಎಂದರು. ಇಂದಿನ ಬಂಗಾರಪೇಟೆ ಅದೇ. ಸುತ್ತಲಿನ ಹಳ್ಳಿಗಳ ರಾಗಿ, ಹುಣಸೆ, ಬೆಲ್ಲ ಬಂಡಿಯಲ್ಲಿ ಬಂದು ಇಲ್ಲಿ ರೈಲಿಗೆ ಏರುತ್ತಿತ್ತು. ಮದ್ರಾಸಿನ ಕಡೆಯ ಉಪ್ಪು, ಒಣಮೀನು, ಅಕ್ಕಿ ಇಲ್ಲಿ ಇಳಿಯುತ್ತಿತ್ತು. ಬಂಡಿ ಹೊಡೆಯುವವರಿಗೆ, ಮೂಟೆ ಹೊರುವವರಿಗೆ, ರೈಲಿಗೆ ಕಾಯುವವರಿಗೆ ಊಟ ಹಾಕುವುದೇ ಊರಿನ ಮೊದಲ ಹೋಟೆಲುಗಳ ಕಸುಬು.

1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಲು ಬಂದ ಮೇಲೆ ಊರಿನ ನಸೀಬು ಬದಲಾಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಎಂದು ಒಂದರ ಪಕ್ಕ ಒಂದು ಗಣಿ ತೆರೆದವು. ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರ್ ಉದ್ದದ ಕವಲು ದಾರಿ 1894ರ ಹೊತ್ತಿಗೆ ಸಿದ್ಧವಾಗಿ, ಬೌರಿಂಗ್‌ಪೇಟೆ ಜಂಕ್ಷನ್ ಆಯಿತು. ಮುಂದೆ 1910ರ ದಶಕದಲ್ಲಿ ಕೋಲಾರದ ಕಡೆಗೆ ಸಣ್ಣ ಹಳಿಯ ರೈಲೂ ಇಲ್ಲಿಂದ ಹೊರಟಿತು. ಹೀಗೆ ಗಣಿಗೆ ಹೋಗುವವರು, ಕೋಲಾರಕ್ಕೆ ಹೋಗುವವರು, ಮದ್ರಾಸಿಗೆ ಹೋಗುವವರು ಎಲ್ಲರೂ ಇಲ್ಲಿ ಇಳಿದು ಕಾಯಬೇಕು. ಕಾಯುವ ಜನರಿದ್ದಲ್ಲಿ ಕಾಫಿ, ಇಡ್ಲಿ, ವಡೆ ಮಾರುವವರು ತಾವಾಗಿ ಬರುತ್ತಾರೆ. ಜಂಕ್ಷನ್ ಆದಂದಿನಿಂದ ಬಂಗಾರಪೇಟೆ ಊಟಕ್ಕಿಂತ ತಿಂಡಿಯ ಊರು. ಮುಂದೆ ಅದು ಹೆಸರು ಮಾಡಿದ್ದು ಯಾವುದರಿಂದ ಎಂದು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ.

ಗಣಿಯ ಊರಾದ ಕೆಜಿಎಫ್‌ನ ಕಥೆ ಬೇರೆ. 1901ರ ಜನಗಣತಿಯ ವೇಳೆಗೆ ಅಲ್ಲಿ ಸುಮಾರು 38 ಸಾವಿರ ಜನರಿದ್ದರು. ಅವರಲ್ಲಿ ನೆಲ ಉಳುವವರು ಇಲ್ಲವೆನ್ನುವಷ್ಟು ಕಡಿಮೆ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ಕೂಲಿಕಾರರೇ ಹೆಚ್ಚು. ಅವರಲ್ಲಿ ಬಹುಪಾಲು ತಮಿಳು ದಲಿತರು, ಜೊತೆಗೆ ತೆಲುಗರು. ಹಳ್ಳಿಯಲ್ಲಿ ಕೂಲಿಗೆ ಧಾನ್ಯ ಅಳೆಸಿಕೊಳ್ಳುತ್ತಿದ್ದವರ ಕೈಗೆ ಇಲ್ಲಿ ಕಾಸು ಬಂತು. ಕಾಸು ಕೊಟ್ಟೇ ಕಾಳು ಕೊಳ್ಳಬೇಕಾಯಿತು. ಸೊಪ್ಪಿನಿಂದ ಸೌದೆಯವರೆಗೆ ಎಲ್ಲವೂ ಹೊರಗಿನಿಂದ ಬರಬೇಕಾದ ಊರು ಅದು. ಮೈಸೂರು ಸಂಸ್ಥಾನದ ಹಳೆಯ ಪೇಟೆಗಳಲ್ಲಿ ಸಂತೆಯೊಂದಿದ್ದರೆ ವಾರ ಸಾಗುತ್ತಿತ್ತು. ಕೆಜಿಎಫ್‌ನಲ್ಲಿ ದಿನಸಿ ಅಂಗಡಿ ದಿನಾ ತೆರೆದಿರಲೇಬೇಕು. ಬಟವಾಡೆಯಿಂದ ಬಟವಾಡೆಗೆ ಸಾಲದ ಪುಸ್ತಕದಲ್ಲಿ ಬರೆಸಿ ಸಾಮಾನು ಒಯ್ಯುವ ಪದ್ಧತಿ ಬೇರೂರಿತು. ಅಂಗಡಿಯವನಿಗೆ ಅದು ಲಾಭ, ಗಿರಾಕಿಗೆ ಬಿಡಿಸಿಕೊಳ್ಳಲಾಗದ ಗಂಟು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಚ್ಚುಕಟ್ಟಾಗಿ ಬೀದಿ ಎಳೆದು ಕಟ್ಟಿದ ರಾಬರ್ಟ್‌ಸನ್‌ಪೇಟೆ, ಅದರ ಜೊತೆಯ ಆಂಡರ್ಸನ್‌ಪೇಟೆ ಈ ವ್ಯಾಪಾರಕ್ಕೆ ನೆಲೆಯಾದವು. ಗಣಿ ಕಂಪನಿಯ ಜಾಗದಲ್ಲಿ ಕಾರ್ಮಿಕರ ಸಾಲುಮನೆಗಳಾದ ಕೂಲಿ ಲೈನುಗಳು, ಅದರಾಚೆ ಪೇಟೆ. ಪೇಟೆಯಲ್ಲಿ ಶೆಟ್ಟರ ದಿನಸಿ, ಮುಸ್ಲಿಮರ ಮಾಂಸದಂಗಡಿ, ಮಾರವಾಡಿಗಳ ಗಿರವಿ ಅಂಗಡಿ, ತಮಿಳರ ಕ್ಲಬ್ಬು ಮತ್ತು ಮೆಸ್ಸು, ಕರಾವಳಿಯವರ ಉಡುಪಿ ಹೋಟೆಲು ಒಂದೇ ಬೀದಿಗೆ ಬಂದು ಸೇರಿದವು. ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರುಕಟ್ಟೆಯಲ್ಲಿ ತರಕಾರಿ, ಮಾಂಸ, ಮೀನು, ದಿನಸಿ ಇಂದಿಗೂ ಒಂದೇ ಆವರಣದಲ್ಲಿ ಸಿಗುತ್ತವೆ. ಬೇತಮಂಗಲದಲ್ಲಿ ಪಾಲಾರ್ ನದಿಗೆ ಕಟ್ಟಿದ ಕೆರೆಯಿಂದ ಕೊಳವೆಯ ನೀರು ಬಂದದ್ದೂ ಇದೇ ಕಾಲದ ಆಸುಪಾಸಿನಲ್ಲಿ. ಪ್ಲೇಗು, ಕಾಲರಾಗಳ ಊರಿನಲ್ಲಿ ಹೊರಗೆ ಕೂತು ಉಣ್ಣುವ ಧೈರ್ಯ ಜನರಿಗೆ ಬರಬೇಕಾದರೆ ಶುದ್ಧ ನೀರು ಬೇಕಿತ್ತು. ಹೋಟೆಲುಗಳ ಚರಿತ್ರೆ ಹೇಳುವವರು ಅಡುಗೆಯವರನ್ನು ನೆನೆದಷ್ಟು ನಲ್ಲಿಯನ್ನು ನೆನೆಯುವುದಿಲ್ಲ.

ಗಣಿ ನಿಲ್ಲುವಂತಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದ ಮೇಲಂತೂ ಹಗಲು ರಾತ್ರಿಗಳ ವ್ಯತ್ಯಾಸವೇ ಉಳಿಯಲಿಲ್ಲ. ಮೂರು ಪಾಳಿಯಲ್ಲಿ ಜನ ಇಳಿಯುತ್ತಿದ್ದರು, ಏರುತ್ತಿದ್ದರು. ಪಾಳಿಯ ಸೈರನ್ನು ಗಣಿಗೆ ಮಾತ್ರ ಕೂಗುತ್ತಿರಲಿಲ್ಲ, ಲೈನಿನ ಒಲೆಗಳಿಗೂ ಟೀ ಅಂಗಡಿಗಳಿಗೂ ಅದೇ ಗಡಿಯಾರ. ಬೇರೆ ಊರಿನಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಕಾಫಿ ಎಂದು ಹೊತ್ತು ಗೊತ್ತಿದ್ದರೆ, ಇಲ್ಲಿ ನಡುರಾತ್ರಿ ಮೇಲೆ ಬಂದವನಿಗೆ ಅದೇ ಸಂಜೆ. ಅವನಿಗೆ ಬಿಸಿ ಟೀ ಬೇಕು, ಕೈಗೆ ಬನ್ನು ಬೇಕು. ಕಾಸಿದ್ದ ದಿನ ಪರೋಟ, ಸಾಲ್ನಾ. ನಸುಕಿನಲ್ಲಿ ಇಳಿಯುವವನಿಗೆ ಲೈನಿನ ಮನೆ ಬಾಗಿಲಲ್ಲೇ ಹೆಂಗಸರು ಇಡ್ಲಿ, ಪುಟ್ಟು, ಆಪಂ ಬೇಯಿಸಿ ಮಾರುತ್ತಿದ್ದರು. ಬೋರ್ಡಿಲ್ಲದ, ಮೇಜಿಲ್ಲದ ಈ ಅಂಗಡಿಗಳು ಯಾವ ಲೆಕ್ಕಪತ್ರದಲ್ಲೂ ಸೇರುವುದಿಲ್ಲ. ಆದರೆ ಕೆಜಿಎಫ್‌ನ ಹೊಟ್ಟೆ ತುಂಬಿಸಿದ್ದರಲ್ಲಿ ಪೇಟೆಯ ದೊಡ್ಡ ಹೋಟೆಲುಗಳಿಗಿಂತ ಇವುಗಳ ಪಾಲೇ ಹೆಚ್ಚೆಂದರೆ ತಪ್ಪಾಗದು.

ನೆಲದಡಿಗೆ ಹೋಗುವವನ ಬುತ್ತಿಯದು ಮತ್ತೊಂದು ಸಂಗತಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ತೀರ ಕೆಳಗೆ ಬಂಡೆಯ ಕಾವು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಬೆವರಿ ಬಸವಳಿದವನಿಗೆ ನೀರು, ಉಪ್ಪು ಮುಖ್ಯ, ರುಚಿ ಆಮೇಲೆ. ರಾಗಿಯ ಅಂಬಲಿ, ಮಜ್ಜಿಗೆ, ನೀರು ಹಾಕಿಟ್ಟ ತಂಗಳನ್ನ, ಈರುಳ್ಳಿ, ಹಸಿಮೆಣಸಿನಕಾಯಿಯಂಥ ಹಳ್ಳಿಯ ಆಹಾರ ಗಣಿ ಕಾರ್ಮಿಕರ ಮನೆಗಳಲ್ಲಿ ಉಳಿದುಬಂದದ್ದಕ್ಕೆ ಬಡತನ ಒಂದೇ ಕಾರಣವಲ್ಲ, ಈ ಕಾವೂ ಕಾರಣ. ಉತ್ತರ ಆರ್ಕಾಟಿನವರ ಕಳಿ ಮತ್ತು ಕೋಲಾರದವರ ಮುದ್ದೆ ಒಂದೇ ಹಿಟ್ಟಿನದು, ಒಂದೇ ಕೋಲಿನಲ್ಲಿ ತಿರುವಿದ್ದು. ತಮಿಳು, ಕನ್ನಡ ಎಂದು ಭಾಷೆಯ ಹೆಸರಿನಲ್ಲಿ ಜಗಳವಾಡಿದವರು ತಟ್ಟೆಯನ್ನು ನೋಡಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ಬೇಸಿಗೆ ಮುಗಿದು ಆಡಿ ಮಾಸ ಬಂದರೆ ಮಾರಿಯಮ್ಮನಿಗೆ ರಾಗಿಯ ಕೂಳು ಕಾಯಿಸಿ ಬೀದಿಯವರಿಗೆಲ್ಲ ಹಂಚುವುದು ತಮಿಳರ ಪದ್ಧತಿ. ಅಂದು ಹೋಟೆಲಿನ ಗೊಡವೆ ಯಾರಿಗೂ ಇರದು.

ಲೈನುಗಳಿಂದ ಸ್ವಲ್ಪವೇ ದೂರದಲ್ಲಿ ಇನ್ನೊಂದು ಊಟದ ಲೋಕವಿತ್ತು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿ ಕಸುಬು ಬಲ್ಲವರು ಬಂದರು, ಇಟಲಿಯವರೂ ಕೆಲವರು ಬಂದರು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎದ್ದವು. ಜನ ಆ ಕಡೆಯನ್ನು ‘ಲಿಟ್ಲ್ ಇಂಗ್ಲೆಂಡ್’ ಎಂದರು. ಕ್ಲಬ್ಬಿನೊಳಗೆ ಬಿಳಿಯರು ಉಣ್ಣುತ್ತಿದ್ದರು, ಬೇಯಿಸುತ್ತಿದ್ದವರು ಈ ಕಡೆಯ ಬಟ್ಲರುಗಳು. ಇಬ್ಬರ ನಡುವೆ ನಿಂತವರು ಆಂಗ್ಲೋ-ಇಂಡಿಯನ್ನರು. ಬಾಲ್ ಕರಿ ಮತ್ತು ತೆಂಗಿನ ಹಾಲಿನ ಹಳದಿ ಅನ್ನ, ಡೆವಿಲ್ ಚಟ್ನಿ, ಪೆಪ್ಪರ್ ವಾಟರ್, ವಿಂದಾಲು ಅವರ ಮನೆಯ ಅಡುಗೆ. ಪೆಪ್ಪರ್ ವಾಟರ್ ಎಂದರೆ ನಮ್ಮ ಸಾರೇ, ಹೆಸರಷ್ಟೇ ದೊರೆಗಳದು. ಕ್ರಿಸ್‌ಮಸ್ ಹತ್ತಿರವಾದರೆ ಕುಲ್‌ಕುಲ್, ರೋಸ್ ಕುಕ್ಕಿ, ಹಣ್ಣಿನ ಕೇಕು, ದ್ರಾಕ್ಷಿಯ ವೈನು. ಲೈನುಗಳಲ್ಲಿ ಕ್ರೈಸ್ತರು ಬಹಳ ಇದ್ದುದರಿಂದ ಕೇಕಿನ ರೂಢಿ ಬಂಗಲೆಗಳಲ್ಲೇ ಉಳಿಯದೆ ಕೂಲಿಯವರ ಮನೆಗೂ ಇಳಿಯಿತು; ಡಿಸೆಂಬರ್ ತಿಂಗಳು ಊರಿನ ಬೇಕರಿಗಳಿಗೆ ಸುಗ್ಗಿಯಾಯಿತು. ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಈ ಅಡುಗೆಗಳನ್ನು ಹಲವು ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಸಾವಿರಾರು ಆಂಗ್ಲೋ-ಇಂಡಿಯನ್ ಕುಟುಂಬಗಳು ದೇಶ ಬಿಟ್ಟ ಮೇಲೂ ಆ ರುಚಿ ಕಾಗದದ ಮೇಲೆ ಉಳಿದಿದ್ದು ಹೀಗೆ.

ಮಾಂಸದ ವಿಷಯಕ್ಕೆ ಬಂದರೆ ಕೆಜಿಎಫ್‌ಗೆ ಬೆಂಗಳೂರಿಗಿಂತ ಆಂಬೂರು, ವಾಣಿಯಂಬಾಡಿ ಹತ್ತಿರದ ನಂಟು. ಅದೇ ಮದ್ರಾಸ್ ರೈಲು ದಾರಿಯ ಊರುಗಳವು. ಸಣ್ಣ ಅಕ್ಕಿಯ ಬಿರಿಯಾನಿ, ಪಕ್ಕದಲ್ಲಿ ಬದನೆಕಾಯಿಯ ಗೊಜ್ಜು, ಕಾಸು ಕಡಿಮೆಯಿದ್ದವನಿಗೆ ತುಂಡಿಲ್ಲದ ಕುಸ್ಕಾ, ಬೆಳಿಗ್ಗೆ ಕಾಲು ಪಾಯ. ಭಾನುವಾರ ಇವುಗಳಿಗೆ ಕಾದು ನಿಲ್ಲುವುದು ಈ ಊರಿನ ವಾಡಿಕೆ. ದನದ ಮಾಂಸ ಇಲ್ಲಿ ಕದ್ದುಮುಚ್ಚಿ ತಿನ್ನುವ ವಸ್ತುವಾಗಿರಲಿಲ್ಲ. ದಲಿತರು, ಕ್ರೈಸ್ತರು, ಮುಸ್ಲಿಮರೇ ಬಹುಸಂಖ್ಯಾತರಾದ ಊರಿನಲ್ಲಿ ಅದು ಅಗ್ಗದ, ಗಟ್ಟಿ ಆಹಾರವಾಗಿತ್ತು. ಹಳ್ಳಿಯ ಹೋಟೆಲಿನಲ್ಲಿ ಹೊರಗೆ ನಿಂತು ಬೇರೆ ಲೋಟದಲ್ಲಿ ಕುಡಿಯಬೇಕಾಗಿದ್ದವನು ಇಲ್ಲಿ ತನ್ನವರದೇ ಅಂಗಡಿಯಲ್ಲಿ ಬೆಂಚಿನ ಮೇಲೆ ಕೂತು ಉಂಡ. ಗಣಿ ಕೊಟ್ಟ ಸಂಬಳಕ್ಕಿಂತ ಇದು ಸಣ್ಣ ಗಳಿಕೆಯಲ್ಲ. 1964ರ ರಾಜ್ಯ ಕಾಯ್ದೆ ವಯಸ್ಸಾದ ಎತ್ತು, ಎಮ್ಮೆಗಳ ವಧೆಗೆ ಅವಕಾಶ ಕೊಟ್ಟಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾನೂನು 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿದ ಮೇಲೆ ದನದ ಮಾಂಸದ ಅಂಗಡಿಗಳ ವ್ಯಾಪಾರದ ನೆಲೆಯೇ ಕಿರಿದಾಯಿತು.

ಸುತ್ತಲಿನ ಕನ್ನಡ, ತೆಲುಗು ಹಳ್ಳಿಗಳ ಊಟ ಪೇಟೆಗೆ ಬಂದದ್ದು ಬಂಗಾರಪೇಟೆಯ ಮೂಲಕ. ಮುದ್ದೆ, ಬಸ್ಸಾರು, ಮಸ್ಸೊಪ್ಪು, ಚಳಿಗಾಲದಲ್ಲಿ ಅವರೆಕಾಳಿನ ಹುಳಿ, ಮಿಲಿಟರಿ ಹೋಟೆಲಿನ ಬೋಟಿ, ತಲೆಮಾಂಸ. ಪಕ್ಕದ ಮುಳಬಾಗಿಲಿನ ದೋಸೆಗೆ ಬೇರೆಯೇ ಕೀರ್ತಿ ಇದೆ. ಅದರ ಚರಿತ್ರೆ ಹೆದ್ದಾರಿಯದು, ರೈಲಿನದಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕ್ಯಾಂಟೀನು ಬಂತು. 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕ್ಯಾಂಟೀನು ಇರಬೇಕೆಂಬ ನಿಯಮಕ್ಕೆ 1948ರ ಕಾರ್ಖಾನೆ ಕಾಯ್ದೆ ದಾರಿ ಮಾಡಿತು, ಗಣಿಗಳಿಗೂ ಅಂಥದೇ ನಿಯಮ ಬಂತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. ನಡುವೆ 1964ರಲ್ಲಿ ಆರಂಭವಾದ ಬೆಮಲ್ ಕಂಪನಿಯ ಕಾರ್ಖಾನೆ ಬೇರೆ ಬೇರೆ ಕಡೆಯ ಜನರನ್ನು ಊರಿಗೆ ತಂದಿತು. ತಿಂಗಳ ಸಂಬಳದ ಈ ಹೊಸ ಗಿರಾಕಿ ಸಂಸಾರ ಸಮೇತ ಬಂದು ಕೂತು ಮಸಾಲೆ ದೋಸೆ ತಿನ್ನುವವನು. ರಾಬರ್ಟ್‌ಸನ್‌ಪೇಟೆಯಲ್ಲಿ ‘ಫ್ಯಾಮಿಲಿ ರೂಮ್’ ಇರುವ ಹೋಟೆಲುಗಳಿಗೆ ಬೇಡಿಕೆ ತಂದವರು ಇಂಥವರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಳಿ ಹೋಯಿತು, ನಡುರಾತ್ರಿಯ ಗಿರಾಕಿ ಹೋದ, ಬಟವಾಡೆ ನಂಬಿ ಸಾಲ ಕೊಟ್ಟ ಅಂಗಡಿಗಳು ಕಷ್ಟಕ್ಕೆ ಬಿದ್ದವು. ಊರು ಹಾಳಾಗುತ್ತದೆ ಎಂದುಕೊಂಡವರೇ ಹೆಚ್ಚು. ಹಾಳಾಗದಂತೆ ಉಳಿಸಿದ್ದು ಮತ್ತೆ ಅದೇ ರೈಲು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಿಂದ ಸಾವಿರಾರು ಜನ ಬೆಳಗಾಗುವ ಮೊದಲೇ ಹೊರಟು ಬೆಂಗಳೂರಿನಲ್ಲಿ ದುಡಿದು ರಾತ್ರಿ ಮರಳುತ್ತಾರೆ. ನಸುಕಿನ ಇಡ್ಲಿಯಂಗಡಿ ಈಗ ಸೈರನ್ನಿನ ಬದಲು ರೈಲಿನ ವೇಳೆಗೆ ಒಲೆ ಹಚ್ಚುತ್ತದೆ.

ಈ ಪ್ರಯಾಣಿಕರ ಜೊತೆ ಬಂಗಾರಪೇಟೆಯ ಹೆಸರೂ ರಾಜಧಾನಿಗೆ ಹೋಯಿತು, ಪಾನಿಪುರಿಯ ರೂಪದಲ್ಲಿ. ಉತ್ತರದಿಂದ ಬಂದ ಈ ತಿಂಡಿಯ ನೀರು ಎಲ್ಲೆಡೆ ಪುದೀನ, ಹುಣಸೆಯಿಂದ ಹಸಿರೋ ಕಂದೋ ಆಗಿರುತ್ತದೆ. ಬಂಗಾರಪೇಟೆಯವರ ಪಾನಿಗೆ ಬಣ್ಣವೇ ಇಲ್ಲ. ನೋಡಿದರೆ ಕುಡಿಯುವ ನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಖಾರವನ್ನು ಬಣ್ಣ ಬಿಡದಂತೆ ಇಳಿಸುವ ಹದವನ್ನು ಮಾಡುವವರು ಹೊರಗೆ ಬಿಟ್ಟುಕೊಡುವುದಿಲ್ಲ. ಬಟಾಣಿಯ ಮಸಾಲೆ, ಈರುಳ್ಳಿ, ಕೊತ್ತಂಬರಿ ತುಂಬಿದ ಪುರಿಗೆ ಈ ನೀರು ಬಿದ್ದರೆ ಅದು ಬಂಗಾರಪೇಟೆಯದು. ಇಂದು ವಿ.ವಿ.ಪುರದ ತಿಂಡಿ ಬೀದಿಯಿಂದ ಹಿಡಿದು ಬೆಂಗಳೂರಿನ ಬಡಾವಣೆ ಬಡಾವಣೆಗಳಲ್ಲಿ ‘ಬಂಗಾರಪೇಟೆ ಚಾಟ್ಸ್’ ಎಂಬ ಬೋರ್ಡು ಕಾಣುತ್ತದೆ. ನಿಪ್ಪಟ್ಟು ಮಸಾಲೆ, ಮಸಾಲಪುರಿಗಳೂ ಅದೇ ಬೋರ್ಡಿನಡಿ ಮಾರಾಟವಾಗುತ್ತವೆ. ಮಾರುವವರಲ್ಲಿ ಎಷ್ಟು ಮಂದಿ ಆ ಊರಿನವರೋ, ಬೋರ್ಡಂತೂ ಊರಿನದು.

ಹೀಗೆ ಜಂಕ್ಷನ್ನಿನ ತಿಂಡಿಗೆ ಬೋರ್ಡು ಸಿಕ್ಕಿತು, ಬಂಗಲೆಯ ಅಡುಗೆಗೆ ಪುಸ್ತಕ ಸಿಕ್ಕಿತು. ಲೈನಿನ ಮನೆಗಳ ಕಳಿ, ಒಣಮೀನಿನ ಸಾರು, ಪಾಳಿ ಮುಗಿದ ಹೊತ್ತಿನ ಸಾಲ್ನಾ ಇನ್ನೂ ಹೆಂಗಸರ ಕೈಯಲ್ಲೇ ಇವೆ. ಗಣಿ ಮುಚ್ಚಿ 20 ವರ್ಷಗಳ ಮೇಲಾಯಿತು. ಪಾಳಿಗೆ ಬುತ್ತಿ ಕಟ್ಟಿದವರು ಮುದುಕಿಯರಾಗಿದ್ದಾರೆ. ಜಿಲ್ಲೆಯ ಕಾಲೇಜುಗಳಾಗಲಿ ವಿಶ್ವವಿದ್ಯಾಲಯವಾಗಲಿ ಅವರ ಮನೆಗೆ ಹೋಗಿ ಕೂತು, ಅವರ ಭಾಷೆಯಲ್ಲೇ ಕೇಳಿ, ಈ ಅಡುಗೆಗಳನ್ನು ಈಗಲೇ ಬರೆದಿಡಬೇಕು.