ಚಿನ್ನದ ಊರಿನ ಕ್ರಿಸ್‌ಮಸ್ ಒಲೆ

ನಮ್ಮ ದೇಶದಲ್ಲಿ ಕ್ರಿಸ್‌ಮಸ್ ಕೇಕಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಕೇರಳದ ತಲಶ್ಶೇರಿಯಿಂದ ಶುರು ಮಾಡುತ್ತಾರೆ. 1880ರಲ್ಲಿ ಅಲ್ಲಿ ರಾಯಲ್ ಬಿಸ್ಕೆಟ್ ಫ್ಯಾಕ್ಟರಿ ತೆರೆದ ಮಂಬಳ್ಳಿ ಬಾಪು, 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆಗೆ ಕೇಕು ಮಾಡಿಕೊಟ್ಟ ಕಥೆ ಡಿಸೆಂಬರ್ ಬಂದರೆ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೋಲಾರ ಜಿಲ್ಲೆಯವನಾದ ನನಗೆ 1880 ಬೇರೊಂದು ಕಾರಣಕ್ಕೆ ನೆನಪಿರುವ ಇಸವಿ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಮ್ಮ ಚಿನ್ನದ ಗಣಿಗಳಿಗೆ ಕೈಹಾಕಿದ್ದು ಆ ವರ್ಷ. ಗಣಿಯ ಜೊತೆ ಕ್ರಿಸ್‌ಮಸ್ಸೂ ಬಂತು. ಬಾಪುವಿನ ಕಥೆಯಲ್ಲಿ ಒಬ್ಬ ಬೇಕರಿಯವನು, ಒಬ್ಬ ದೊರೆ, ಒಂದು ಕೇಕು ಇದ್ದಾರೆ. ಕೆಜಿಎಫ್‌ನ ಕಥೆಯಲ್ಲಿ ಹಾಗೆ ಬೆರಳು ಮಾಡಿ ತೋರಿಸಲು ಯಾರೂ ಸಿಗುವುದಿಲ್ಲ. ಅಲ್ಲಿ ಕೇಕು ಒಬ್ಬರ ಕೆಲಸವಾಗಿರಲಿಲ್ಲ, ಒಂದು ಮನೆಯ ಕೆಲಸವೂ ಆಗಿರಲಿಲ್ಲ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಬೇಯಿಸುವುದು, ಸುಡುವುದು, ಹುರಿಯುವುದು, ಕರಿಯುವುದು ಎಲ್ಲಕ್ಕೂ ಕನ್ನಡದಲ್ಲಿ ಮಾತಿದೆ. ‘ಬೇಕ್’ ಮಾಡುವುದಕ್ಕೆ ಮಾತ್ರ ‘ಬೇಕ್ ಮಾಡುವುದು’ ಎಂದೇ ಹೇಳಬೇಕು. ಮುಚ್ಚಿದ ಗೂಡಿನ ಕಾವಿನಲ್ಲಿ ಹಿಟ್ಟು ಉಬ್ಬಿಸುವ ಕೆಲಸ ನಮ್ಮ ಅಡುಗೆಮನೆಯಲ್ಲಿ ಇರಲೇ ಇಲ್ಲ. ನನ್ನ ಊರು ಇರುವ ಶ್ರೀನಿವಾಸಪುರದ ಕಡೆ, ಆಚೆಯ ಮುಳಬಾಗಿಲಿನ ಕಡೆ, ಹಬ್ಬವೆಂದರೆ ಬಾಣಲೆ. ದೀಪಾವಳಿಯ ನೋಮಿಗೆ ಕಜ್ಜಾಯ ಆಗಲೇಬೇಕು. ತೆಲುಗು ಮನೆಗಳಲ್ಲಿ ಅದೇ ಅರಿಸೆಲು. ಅಕ್ಕಿ ನೆನೆಹಾಕಿ, ಬಸಿದು, ತೇವ ಆರುವ ಮೊದಲೇ ಕುಟ್ಟಿ, ಜರಡಿ ಹಿಡಿದು, ಬೆಲ್ಲದ ಪಾಕಕ್ಕೆ ಹಾಕಬೇಕು. ಪಾಕ ಒಂದೆಳೆ ಹೆಚ್ಚಾದರೆ ಕಜ್ಜಾಯ ಕಲ್ಲು, ಕಡಿಮೆಯಾದರೆ ಎಣ್ಣೆಯಲ್ಲೇ ಪುಡಿಪುಡಿ. ಬೀದಿಗೊಬ್ಬಳು ಪಾಕ ಬಲ್ಲ ಹೆಂಗಸು ಇರುತ್ತಿದ್ದಳು. ಅವಳು ಮನೆಯಿಂದ ಮನೆಗೆ ಹೋಗಿ ನೀರಿನ ಬಟ್ಟಲಿಗೆ ಪಾಕದ ಹನಿ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ, ‘ಇಳಿಸಿ’ ಎನ್ನುವವರೆಗೆ ಯಾರೂ ಪಾತ್ರೆ ಮುಟ್ಟುತ್ತಿರಲಿಲ್ಲ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಗಣಿ ಊರಿನ ಕ್ರಿಸ್‌ಮಸ್ ನಮಗೆ ತೀರಾ ಪರಕೀಯ ಅನ್ನಿಸದೇ ಇದ್ದದ್ದು ಇದರಿಂದ. ತಿಂಡಿ ಬೇರೆ, ಗದ್ದಲ ಒಂದೇ.

ನನ್ನ ಸೋದರಮಾವ ಚಾಂಪಿಯನ್ ರೀಫ್ಸ್‌ನಲ್ಲಿ ಗುಮಾಸ್ತರಾಗಿದ್ದರು. ಚಿಕ್ಕವನಿದ್ದಾಗ ಕೆಲವು ಡಿಸೆಂಬರ್‌ಗಳನ್ನು ನಾನು ಅಲ್ಲಿ ಕಳೆದಿದ್ದೇನೆ. ಆಗ ಕಂಡದ್ದನ್ನು ಅರ್ಥ ಮಾಡಿಕೊಳ್ಳಲು ಊರಿನ ಕಟ್ಟೋಣ ಗೊತ್ತಿರಬೇಕು. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದಿದ್ದ ಮೈಕೆಲ್ ಲ್ಯಾವೆಲ್ ಎಂಬ ಐರಿಷ್ ಸೈನಿಕ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಯ ಪರವಾನಗಿ ಪಡೆದ. ಅವನ ಕೈಯಲ್ಲಿ ಹೆಚ್ಚೇನೂ ಆಗಲಿಲ್ಲ. ಟೇಲರ್ ಕಂಪನಿ ಬಂದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಗಾರರು ಬಂದರು, ಇಟಲಿಯವರು ಬಂದರು. ಮೇಸ್ತ್ರಿಗಿರಿ, ವರ್ಕ್‌ಶಾಪು, ಆಸ್ಪತ್ರೆ, ಶಾಲೆಗಳಿಗೆ ಆಂಗ್ಲೋ-ಇಂಡಿಯನ್ನರು ಬಂದರು. ನೆಲದಡಿಗೆ ಇಳಿಯಲು ಉತ್ತರ ಆರ್ಕಾಟು, ಧರ್ಮಪುರಿ, ಸೇಲಂ, ಚಿತ್ತೂರುಗಳಿಂದ ಸಾವಿರಾರು ತಮಿಳು, ತೆಲುಗು ಕೂಲಿಗಳು ಬಂದರು. ಅವರಲ್ಲಿ ಹೆಚ್ಚಿನವರು ದಲಿತರು, ಹಲವರು ಕ್ರೈಸ್ತರು. ಹೀಗೆ ಗುಡ್ಡದ ಮೇಲೆ ತೋಟವಿದ್ದ ಬಂಗಲೆಗಳು, ಅದರ ಕೆಳಗೆ ಹೆಂಚಿನ ಕ್ವಾರ್ಟರ್ಸ್‌ಗಳು, ಅದಕ್ಕೂ ಕೆಳಗೆ ಬಿದಿರುತಟ್ಟಿಯ ಗೋಡೆಯ ಲೈನ್ ಮನೆಗಳು. ‘ಲಿಟ್ಲ್ ಇಂಗ್ಲೆಂಡ್’ ಎಂದು ಈಗ ಅಭಿಮಾನದಿಂದ ಹೇಳುತ್ತಾರಲ್ಲ, ಅದು ಮೊದಲನೆಯದಕ್ಕೆ ಮಾತ್ರ ಸಲ್ಲುವ ಹೆಸರು. ಬಿಳಿಯರ ಕ್ಲಬ್ಬಿನ ಕ್ರಿಸ್‌ಮಸ್ ಪಾರ್ಟಿಗೆ ಲೈನ್ ಮನೆಯವರು ಹೋಗುವ ಪ್ರಶ್ನೆಯೇ ಇರಲಿಲ್ಲ.

ಬಂಗಲೆಯಲ್ಲಿ ಬಟ್ಲರ್ ಇದ್ದ, ಕಬ್ಬಿಣದ ಒಲೆ ಇತ್ತು. ಕ್ವಾರ್ಟರ್ಸ್‌ನಲ್ಲಿ, ಲೈನಿನಲ್ಲಿ ಇದ್ದದ್ದು ನಮ್ಮಂಥದೇ ಸೌದೆ ಒಲೆ, ಆಮೇಲೆ ಸೀಮೆಎಣ್ಣೆ ಸ್ಟೌವ್. ವಿಚಿತ್ರ ನೋಡಿ, ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮೊದಲು. ಆದರೆ ಆ ಕರೆಂಟು ಬಂದದ್ದು ಯಂತ್ರಗಳಿಗಾಗಿ. ನಾನು ಹೋಗುತ್ತಿದ್ದ ಕಾಲಕ್ಕೂ ಅಡುಗೆಮನೆಯಲ್ಲಿ ಓವನ್ ಇದ್ದ ಮನೆಗಳನ್ನು ಎಣಿಸಬಹುದಿತ್ತು.

ಓವನ್ ಇಲ್ಲದ್ದರಿಂದ ಎರಡು ಸಂಗತಿಗಳಾದವು. ಒಂದು, ಗಣಿ ಊರಿನ ಕ್ರಿಸ್‌ಮಸ್ ತಿಂಡಿಗಳಲ್ಲಿ ಅರ್ಧಕ್ಕರ್ಧ ಕರಿದವು. ಎರಡು, ಕೇಕಿಗೆ ಬೇಕರಿಯ ಒಲೆಯೇ ಗತಿ.

ಕರಿದವುಗಳಲ್ಲಿ ಮೊದಲ ಹೆಸರು ಕಲ್‌ಕಲ್. ಮೈದಾ, ಮೊಟ್ಟೆ, ಸಕ್ಕರೆ, ತೆಂಗಿನಹಾಲು ಕಲಸಿದ ಹಿಟ್ಟಿನಿಂದ ಗೋಲಿಯಷ್ಟು ಚಿವುಟಿ, ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನಿನ ಮೇಲೋ ಹೆಬ್ಬೆರಳಲ್ಲಿ ಒತ್ತಿ ಸುರುಳಿ ಎಳೆದರೆ ಗೆರೆ ಬಿದ್ದ ಪುಟ್ಟ ಶಂಖದಂತಾಗುತ್ತದೆ. ಮೂಲ ಪೋರ್ಚುಗೀಸರದು, ಗೋವಾದ ದಾರಿಯಲ್ಲಿ ಬಂದದ್ದು. ಮಂಗಳೂರಿನ ಕ್ರೈಸ್ತರ ಕುಸ್ವಾರಿನಲ್ಲಿ ಇದೇ ‘ಕಿಡ್ಯೊ’, ಅಂದರೆ ಹುಳು! ಒಂದು ಕಿಲೋ ಹಿಟ್ಟಿಗೆ ನೂರಾರು ಸುರುಳಿ. ಒಬ್ಬರೇ ಕೂತರೆ ದಿನ ಸಾಲದು, ಬೆರಳೂ ಸಾಲದು. ಆದ್ದರಿಂದ ಚಾಪೆ ಹಾಸಿ ಎಲ್ಲರನ್ನೂ ಕೂರಿಸುತ್ತಿದ್ದರು. ನಮ್ಮತ್ತೆ ಪಕ್ಕದ ಆಂಗ್ಲೋ-ಇಂಡಿಯನ್ ಮನೆಗೆ ಹೋಗಿ ಕೂರುತ್ತಿದ್ದರು, ಎದುರು ಸಾಲಿನ ತಮಿಳು ಹೆಂಗಸರು ಬರುತ್ತಿದ್ದರು, ಮಕ್ಕಳಂತೂ ಕರೆಯದೇ ಬರುತ್ತಿದ್ದೆವು. ಇಂಗ್ಲಿಷು, ತಮಿಳು, ತೆಲುಗು, ಕನ್ನಡ ನಾಲ್ಕೂ ಒಂದೇ ವಾಕ್ಯದಲ್ಲಿ ಓಡಾಡುತ್ತಿದ್ದವು. ಯಾರ ಸುರುಳಿ ದಪ್ಪ, ಯಾರದು ತೆಳು ಎಂದು ಚೇಷ್ಟೆ. ಕಂಪನಿಯ ಯಾವ ಮೇಜರ್‌ಮೆಂಟೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ ಎಂದು ಮಾವ ನಗುತ್ತಿದ್ದರು.

ರೋಸ್ ಕುಕೀಸ್ ಮಾತ್ರ ಪರಿಣತರ ಕೆಲಸ. ಉದ್ದ ಕಂಬಿಯ ತುದಿಯಲ್ಲಿರುವ ಹೂವಿನ ಅಚ್ಚನ್ನು ಮೊದಲು ಎಣ್ಣೆಯಲ್ಲಿ ಕಾಯಿಸಬೇಕು, ಆಮೇಲೆ ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿದರೆ ಹೂವು ಅಚ್ಚನ್ನು ಬಿಡುವುದಿಲ್ಲ. ತಣ್ಣಗಿನ ಅಚ್ಚಾದರೆ ಹಿಟ್ಟೇ ಹಿಡಿಯುವುದಿಲ್ಲ. ತಮಿಳರು ಇದನ್ನು ಅಚ್ಚುಮುರುಕ್ಕು ಎನ್ನುತ್ತಾರೆ. ಒಳ್ಳೆಯ ಹಳೆಯ ಅಚ್ಚು ಬೀದಿಗೆ ಒಂದೋ ಎರಡೋ. ಡಿಸೆಂಬರ್ ಪೂರ್ತಿ ಅದು ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತಿತ್ತು. ನಮ್ಮ ಊರಿನ ಪಾಕದ ಹೆಂಗಸಿನಂತೆ.

ಇನ್ನು ಕೇಕು. ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಇರುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ ಪ್ಲಮ್ ಎನ್ನುತ್ತಿದ್ದರು. ದ್ರಾಕ್ಷಿ, ಗೋಡಂಬಿ, ಕಿತ್ತಳೆ ಸಿಪ್ಪೆ, ಬೂದುಗುಂಬಳದ ಪೇಟಾ ಎಲ್ಲ ಸಣ್ಣಗೆ ಹೆಚ್ಚಿ ಅಕ್ಟೋಬರ್, ನವೆಂಬರ್‌ನಲ್ಲೇ ರಮ್‌ನಲ್ಲಿ ನೆನೆಹಾಕಿ ಜಾಡಿಯ ಬಾಯಿ ಕಟ್ಟುತ್ತಿದ್ದರು. ರಮ್ ಬೇಡವೆನ್ನುವ ಮನೆಗಳಲ್ಲಿ ಮನೆಯ ವೈನು. ಅದಕ್ಕೆ ನಮ್ಮ ಕಡೆಯೇ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿ. ಹೆಚ್ಚುವ ದಿನವೂ ಹತ್ತು ಕೈ ಬೇಕು. ಕೇಕಿನ ಕಪ್ಪು ಬಣ್ಣ ಸಕ್ಕರೆ ಸುಟ್ಟ ಕ್ಯಾರಮೆಲ್ಲಿನದು. ಅದನ್ನು ಸುಡುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಒಂದು ಕ್ಷಣ ತಡವಾದರೆ ಕಹಿ.

ಕಲಸಿದ ಹಿಟ್ಟನ್ನು ದೊಡ್ಡ ಪಾತ್ರೆಯಲ್ಲಿ ಬಟ್ಟೆ ಮುಚ್ಚಿ ರಾಬರ್ಟ್‌ಸನ್‌ಪೇಟೆಯ ಬೇಕರಿಗೆ ಒಯ್ಯಬೇಕು. ಹೆಂಚು, ಇಟ್ಟಿಗೆಗೆ ಹೆಸರಾದ ಮಾಲೂರಿನವರಿಗೆ ಬೇಕರಿಯ ಒಲೆಯನ್ನು ವಿವರಿಸುವ ಅಗತ್ಯವಿಲ್ಲ, ಅದು ಅವರ ಗೂಡಿನ ತಮ್ಮ. ಇಟ್ಟಿಗೆಯ ಗುಮ್ಮಟದೊಳಗೆ ಸೌದೆ ಉರಿಸಿ, ಕೆಂಡ ಎಳೆದು, ಗೋಡೆ ಹಿಡಿದಿಟ್ಟ ಕಾವಿನಲ್ಲಿ ಬ್ರೆಡ್ ಬೇಯಿಸುತ್ತಾರೆ. ಬ್ರೆಡ್ಡಿಗೆ ಜೋರು ಕಾವು ಬೇಕು. ಹಣ್ಣು ತುಂಬಿದ ಭಾರದ ಕೇಕಿಗೆ ಅದು ಆಗದು, ಮೇಲೆ ಸೀದು ಒಳಗೆ ಹಸಿ ಉಳಿಯುತ್ತದೆ. ಹಾಗಾಗಿ ಬ್ರೆಡ್ಡಿನ ಸರದಿ ಮುಗಿದು ಒಲೆ ಇಳಿಮುಖವಾದಾಗ, ರಾತ್ರಿ ಹೊತ್ತು, ಕೇಕಿನ ಸರದಿ. ಪ್ರತಿ ಟಿನ್ನಿನ ಮೇಲೆ ಮನೆಯ ಹೆಸರಿನ ಚೀಟಿ. ಉದ್ದ ಮರದ ಸಲಿಕೆಯಲ್ಲಿ ಬಂಗಲೆಯ ಟಿನ್ನು, ಕ್ವಾರ್ಟರ್ಸ್ ಟಿನ್ನು, ಲೈನ್ ಮನೆಯ ಟಿನ್ನು ಎಲ್ಲ ಅಕ್ಕಪಕ್ಕ ಒಳಗೆ ಹೋಗುತ್ತಿದ್ದವು. ಗುಡ್ಡದ ಮೇಲೆ ಕೆಳಗೆ ಎಂದು ಹಂಚಿಹೋಗಿದ್ದ ಊರು ಒಂದೇ ಕಾವಿನಲ್ಲಿ ಇರುತ್ತಿದ್ದ ಜಾಗ ಅದೊಂದೇ ಎಂದು ನನಗನ್ನಿಸುತ್ತದೆ. ಗಣಿಯ ಆಳವನ್ನು ಬಿಟ್ಟರೆ. ಅಲ್ಲೂ ಮೇಲಿನವರು ಮೇಲೇ ಇದ್ದರು ಬಿಡಿ. ಬೇಕರಿಯ ಮುಂದೆ ಜನ ಕಂಬಳಿ ಹೊದ್ದು ಕಾಯುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದವರು ಟಿನ್ನು ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು. ಕೇಕಿನ ನಡು ಕುಸಿದಿದ್ದರೆ ಹಿಂದಿನ ರಾತ್ರಿಯ ರಾಕ್‌ಬರ್ಸ್ಟ್ ಮೇಲೆ ಹಾಕಿಬಿಡುತ್ತಿದ್ದರು. ಆ ಊರಿನಲ್ಲಿ ಭೂಮಿ ಆಗಾಗ ನಡುಗುತ್ತಿದ್ದುದರಿಂದ ಯಾರೂ ಎದುರಾಡುವಂತಿರಲಿಲ್ಲ.

ಎಲ್ಲ ಬೇಲಿಗಳನ್ನೂ ಕೇಕು ದಾಟಿತು ಎಂದು ಬರೆದುಬಿಟ್ಟರೆ ಓದಲು ಚೆನ್ನಾಗಿರುತ್ತದೆ, ನಿಜವಾಗಿರುವುದಿಲ್ಲ. ಮಾವನ ಮನೆಗೆ ಬಂದ ತಟ್ಟೆ ಅಲ್ಲೇ ಖಾಲಿಯಾಗುತ್ತಿತ್ತು. ಆದರೆ ಅದೇ ಕೇಕಿನ ತುಂಡನ್ನು ಊರಿಗೆ ತಂದಾಗ ಅಜ್ಜಿ ಹಿತ್ತಲ ಕಟ್ಟೆಯ ಮೇಲಿಡಿಸಿದರು. ‘ಮೊಟ್ಟೆ’ ಎಂದರು. ಅವರು ಹೇಳದೆ ಬಿಟ್ಟದ್ದು ಅದು ಯಾರ ಮನೆಯದು ಎಂಬುದನ್ನು. ಕ್ರಿಸ್‌ಮಸ್ಸಿಗೆ ಲೈನಿನ ಕೆಲವು ಮನೆಗಳವರು ಮೇಲ್ಜಾತಿಯ ಪರಿಚಯಸ್ಥರಿಗೆ ಬಾಳೆಹಣ್ಣು, ಕಿತ್ತಳೆ ಮಾತ್ರ ಕೊಡುತ್ತಿದ್ದರು, ಬೇಯಿಸಿದ್ದನ್ನು ಕೊಡುತ್ತಿರಲಿಲ್ಲ. ಕೊಟ್ಟರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ನಮ್ಮ ತಾಲ್ಲೂಕುಗಳ ಊರೂರಿಗೆ ಬಂದ ಅಯ್ಯಂಗಾರ್ ಬೇಕರಿಗಳು ಮೊಟ್ಟೆಯಿಲ್ಲದ ಕೇಕನ್ನು ಎಲ್ಲರ ಬಾಯಿಗೂ ಒಗ್ಗಿಸಿದ ಮೇಲೆ, ಅಜ್ಜಿಯೂ ಹುಟ್ಟುಹಬ್ಬಕ್ಕೆ ಕೇಕು ತಿಂದರು. ಆ ಬೋರ್ಡಿನ ಹಿಂದೆ ಒಲೆಯ ಮುಂದೆ ನಿಂತವರು ಯಾರೆಂದು ಅವರು ಯಾವತ್ತೂ ಕೇಳಲಿಲ್ಲ.

ಇನ್ನೊಂದು ರೀತಿಯಲ್ಲಿ ಮಾತ್ರ ತಟ್ಟೆ ತಪ್ಪದೆ ಓಡಾಡುತ್ತಿತ್ತು. ಮನೆಯಲ್ಲಿ ಸಾವಾದ ವರ್ಷ ಬಾಣಲೆ ಇಡುವಂತಿಲ್ಲ ಎಂಬ ಪದ್ಧತಿ ನಮ್ಮಲ್ಲಿದ್ದಂತೆ ಅಲ್ಲಿನ ಕ್ರೈಸ್ತರ ಮನೆಗಳಲ್ಲೂ ಇತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಗಣಿ ಅದು. ಕಲ್ಲು ಸಿಡಿದು ಸತ್ತವರು, ಧೂಳು ಕುಡಿದು ಎದೆ ಕೆಟ್ಟು ಸತ್ತವರು ಇಲ್ಲದ ಬೀದಿ ಇರಲಿಲ್ಲ. ಅಂಥ ಮನೆಗೆ ಅಕ್ಕಪಕ್ಕದವರು ಕಲ್‌ಕಲ್ಲಿನ ಡಬ್ಬಿ ಒಯ್ದು ಮಕ್ಕಳ ಕೈಗೆ ಕೊಟ್ಟು ಬರುತ್ತಿದ್ದರು. ಅದಕ್ಕೆಂದೇ ಒಂದು ಪಾಲು ಹೆಚ್ಚಿಗೆ ಕಲಸುತ್ತಿದ್ದರು. ಅದು ಯಾರ ಪಾಲೆಂದು ಚಾಪೆಯ ಮೇಲೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮತ್ತೆಯವರು ಎಲ್ಲಿಗೂ ಹೋಗದವರು, ಆ ಡಬ್ಬಿ ಹಿಡಿದು ಲೈನ್ ಮನೆಗಳಿಗೆ ಹೋಗಿದ್ದನ್ನು ನಾನು ಕಂಡಿದ್ದೇನೆ.

ಸ್ವಾತಂತ್ರ್ಯ ಬಂದ ಮೇಲೆ ಬಿಳಿಯರು ಒಬ್ಬೊಬ್ಬರಾಗಿ ಹೋದರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾ, ಬೆಂಗಳೂರು ಎಂದು ಚದುರಿದವು. ಅವರ ತಿಂಡಿಗಳನ್ನು ಅಲ್ಲಿ ಉಳಿದ ತಮಿಳು ಕ್ರೈಸ್ತರು ಉಳಿಸಿಕೊಂಡರು. ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಆಂಗ್ಲೋ-ಇಂಡಿಯನ್ ಅಡುಗೆಯ ಬಗ್ಗೆ ಪುಸ್ತಕಗಳನ್ನೇ ಬರೆದರು. ಅವು ಇಲ್ಲದಿದ್ದರೆ ಎಷ್ಟೋ ಅಳತೆಗಳು ಅಜ್ಜಿಯಂದಿರ ಜೊತೆಗೇ ಹೋಗುತ್ತಿದ್ದವು. ಆದರೆ ಪುಸ್ತಕದಲ್ಲಿ ಹಿಟ್ಟಿನ ತೂಕ ಬರೆಯಬಹುದು, ಚಾಪೆಯ ಮೇಲೆ ಎಷ್ಟು ಜನ ಬೇಕೆಂದು ಬರೆಯುವುದು ಹೇಗೆ?

ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆ ಡಿಸೆಂಬರ್‌ನಲ್ಲಿ ನಾನು ಹೋಗಿದ್ದೆ. ಹಳೆಯ ಲೆಕ್ಕದಲ್ಲಿ ಊರಿಗೆ ಊರೇ ಬಾಣಲೆ ಇಡಬಾರದ ವರ್ಷ ಅದು. ಮಾವನ ಪಕ್ಕದ ಸಾಲಿನಲ್ಲಿ ಕೇಕಿಗೆ ಹಣ್ಣು ನೆನೆಹಾಕಿದವರು ಕಡಿಮೆ. ಗೋಡಂಬಿ, ದ್ರಾಕ್ಷಿ, ರಮ್ ಎಲ್ಲಕ್ಕೂ ದುಡ್ಡು ಬೇಕು. ಕಲ್‌ಕಲ್ ಮಾತ್ರ ಮಾಡಿದ್ದರು. ಮೂರು ಮನೆಯವರು ಮೈದಾ, ಸಕ್ಕರೆ, ಎಣ್ಣೆ ಹಂಚಿ ಹಾಕಿಕೊಂಡು ಒಂದೇ ಮನೆಯಲ್ಲಿ ಕೂತಿದ್ದರು. ಗಂಡಸರೂ ಕೂತಿದ್ದರು, ಪಾಳಿಗೆ ಹೋಗುವುದಿರಲಿಲ್ಲವಲ್ಲ. ಟಿಂಬರ್ ಕೂರಿಸುತ್ತಿದ್ದ ದಪ್ಪ ಬೆರಳಿನ ಒಬ್ಬರು ಒಂದೊಂದು ಸುರುಳಿಯನ್ನೂ ಬೆಳಕಿಗೆ ಹಿಡಿದು ನೋಡಿ ಕೆಳಗಿಡುತ್ತಿದ್ದರು. ಅವರ ಹೆಂಡತಿ ‘ಹೀಗೆ ಮಾಡಿದರೆ ಈಸ್ಟರ್‌ಗೆ ಮುಗಿಯುತ್ತೆ’ ಎಂದು ತಮಿಳಿನಲ್ಲಿ ಬೈಯುತ್ತಿದ್ದರು.

ಈಗ ಮಾರಿಕುಪ್ಪಂನಿಂದ ಬೆಳಗಿನ ಜಾವದ ರೈಲು ಹತ್ತಿ, ಬಂಗಾರಪೇಟೆ, ಮಾಲೂರು ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸಾಗುವ ಸಾವಿರಾರು ಮಂದಿಯಲ್ಲಿ ಆ ಚಾಪೆಯ ಮೇಲಿದ್ದ ಮಕ್ಕಳೂ ಇದ್ದಾರೆ. ಅವರಿಗೆ ಬಿಡುವಿರುವುದು ಭಾನುವಾರ ಒಂದೇ. ಮನೆಗಳಿಗೆ ಚಿಕ್ಕ ಎಲೆಕ್ಟ್ರಿಕ್ ಓವನ್ ಬಂದಿವೆ, ಬೇಕರಿಗೆ ಹಿಟ್ಟು ಹೊರುವವರು ಕಡಿಮೆಯಾಗಿದ್ದಾರೆ. ಕ್ರಿಸ್‌ಮಸ್ಸಿಗೆ ಮೊದಲಿನ ಭಾನುವಾರ ಮಾತ್ರ ಕಲ್‌ಕಲ್ಲಿಗೆ ಮೀಸಲು. ಕಳೆದ ವರ್ಷ ನಮ್ಮತ್ತೆಯ ಮನೆಗೆ ಬಂದ ಡಬ್ಬಿಯಲ್ಲಿ ದಪ್ಪ, ತೆಳು, ಸೀಳಿದ್ದು, ಬಿಚ್ಚಿಕೊಂಡದ್ದು ಎಲ್ಲ ಇದ್ದವು. ಎಂಬತ್ತು ದಾಟಿದ ಅತ್ತೆ ಒಂದೊಂದಾಗಿ ಆರಿಸಿ ನೋಡಿ, ಈ ಸಲ ಕನಿಷ್ಠ ಆರು ಜನ ಕೂತಿದ್ದಾರೆ ಎಂದರು.