ಕ್ಯಾಲೆಂಡರ್ ಸರಸ್ವತಿ ಕಲಿಸದ ಪಾಠ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮನೆಗಳಿಗೆ ವೀಣೆ ಹಿಡಿದ ಸರಸ್ವತಿಯ ಪಟ ಹೊಸತಲ್ಲ. ಅದರ ಮೂಲ ಹುಡುಕುತ್ತ ಹೋದರೆ ಹಲವು ಸಲ ರಾಜಾ ರವಿವರ್ಮನ ಬಳಿಗೆ ಬಂದು ನಿಲ್ಲುತ್ತೇವೆ. ತೈಲಚಿತ್ರ ಕಲಿಯಹೊರಟವರು ಇಂಥ ಪಟದ ಮೇಲೇ ಚೌಕುಳಿ ಎಳೆದು ನಕಲು ಮಾಡುವುದುಂಟು.

ನಕಲು ಎಂದು ಮೂಗು ಮುರಿಯಬೇಕಿಲ್ಲ. ರವಿವರ್ಮನಿಗೂ ತೈಲವರ್ಣದ ಗುಟ್ಟನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. 1868ರಲ್ಲಿ ತಿರುವಾಂಕೂರಿನ ಅರಮನೆಗೆ ಬಂದ ಥಿಯೊಡೋರ್ ಜೆನ್ಸನ್ ತಾನು ಬರೆಯುವುದನ್ನು ನೋಡಲು ಬಿಟ್ಟನಷ್ಟೆ. ಕಂಡದ್ದನ್ನು ತರುಣ ತಾನೇ ಮಾಡಿ ನೋಡಿದ.

ತೊಡಕಿರುವುದು ಬೇರೆಡೆ. 1894ರಲ್ಲಿ ಮುಂಬಯಿಯಲ್ಲಿ ಅವನು ತೆರೆದ ಮುದ್ರಣಾಲಯ, ಬಣ್ಣಕ್ಕೊಂದು ಕಲ್ಲಿನಂತೆ ಅಚ್ಚೊತ್ತಿ ದೇವತೆಗಳನ್ನು ಮನೆಮನೆಗೆ ಕಳಿಸಿತು. ಅಚ್ಚಿನಲ್ಲಿ ಬಂದದ್ದು ಆಕೃತಿ, ತೈಲದ ಪದರಗಳಲ್ಲ. ಮೊದಲು ಟರ್ಪೆಂಟೈನ್ ಬೆರೆಸಿದ ತೆಳುಬಣ್ಣ. ಅದು ಒಣಗಿದ ಮೇಲೆ ಅಗಸೆ ಎಣ್ಣೆ ಹೆಚ್ಚಿರುವ ಬಣ್ಣ. ಕ್ರಮ ತಪ್ಪಿದರೆ ಮೇಲಿನದು ಬಿರುಕು ಬಿಡುತ್ತದೆ. ಒಂದರ ಮೇಲೊಂದು ಕೂತ ಈ ಪದರಗಳಿಂದಲೇ ಕೆನ್ನೆಯ ಹೊಳಪು. ಕ್ಯಾಲೆಂಡರ್ ನೋಡಿ ಬರೆದವನಿಗೆ ದೇವಿಯ ಮುಖ ಸಿಕ್ಕೀತು, ಮೈಬಣ್ಣ ಸಿಗದು.

ಅದಕ್ಕೆ ಮೈಸೂರಿನ ಜಗನ್ಮೋಹನ ಅರಮನೆಯ ದಾರಿ ಹಿಡಿಯಬೇಕು. ಅಲ್ಲಿನ ಸಂಗ್ರಹದಲ್ಲಿ ರವಿವರ್ಮನ ಮೂಲ ತೈಲಚಿತ್ರಗಳಿವೆ. ತುಸು ಓರೆಯಾಗಿ ನಿಂತು ನೋಡಿದರೆ ಕುಂಚ ಹೋದ ದಾರಿ ಕಾಣಬಹುದು.